ಹಗಲಲ್ಲಿ ಮುಚ್ಚಿದ ಬಾಗಿಲು

ಚಳಿಗಾಲವನ್ನು ಕೂಡಿಟ್ಟು ಬೇಸಿಗೆಯಲ್ಲಿ ಮನೆಮನೆಗೆ ಹಂಚುವುದು ಜಗದೇವಿಯ ಕೆಲಸ. ಪತ್ರಿಕೆಯವರು ಹೀಗೆ ಬರೆದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು. ಅದರಲ್ಲಿ ಪವಾಡವೇನೂ ಇರಲಿಲ್ಲ. ಕಲಬುರಗಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ, ಫರಸಿ ಕಲ್ಲನ್ನು ತೆಗೆದು ತೆಗೆದು ಕೊನೆಗೆ ಕೈಬಿಟ್ಟ ದೊಡ್ಡದೊಂದು ಗಣಿ. ಅದರ ತುಂಬ ನೀರು, ನೀರಿನ ಮೇಲೆ ದಪ್ಪನೆಯ ಮುಚ್ಚಿಗೆ. ಸುತ್ತಲಿನ ಬಯಲಿನಲ್ಲಿ ಆಕಾಶಕ್ಕೆ ಮುಖಮಾಡಿ ಮಲಗಿಸಿದ ಬಿಳಿ ಹಲಗೆಗಳು. ಮೋಡವಿಲ್ಲದ ಚಳಿಗಾಲದ ರಾತ್ರಿ ಅಂಗಳದಲ್ಲಿ ಮರೆತುಬಿಟ್ಟ ತಂಬಿಗೆ ಬೆಳಗಿನ ಜಾವದ ಗಾಳಿಗಿಂತಲೂ ತಣ್ಣಗಾಗಿರುತ್ತದಲ್ಲ, ಆ ಹಲಗೆಗಳು ಮಾಡುತ್ತಿದ್ದುದೂ ಅಷ್ಟೇ. ತಮ್ಮೊಳಗೆ ಹರಿಯುವ ನೀರಿನ ಬಿಸಿಯನ್ನು ಆಕಾಶಕ್ಕೆ ಬಿಟ್ಟು, ನೀರನ್ನು ಗಣಿಗೆ ಇಳಿಸುತ್ತಿದ್ದವು. ಬೇಸಿಗೆ ಬಂದಾಗ ಆ ನೀರು ಕೊಳವೆಗಳಲ್ಲಿ ಊರಿಗೆ ಹೊರಡುತ್ತಿತ್ತು. ಮನೆಗಳ ನೆಲಕ್ಕೆ ಹಾಸಿದ ಫರಸಿಯ ಅಡಿಯಲ್ಲಿ ಸುತ್ತಿ, ನೆಲವನ್ನು ತಂಪು ಮಾಡಿ, ಅಲ್ಲಿನ ಬಿಸಿಯನ್ನು ಹೊತ್ತುಕೊಂಡು ಗಣಿಗೆ ಮರಳುತ್ತಿತ್ತು.

ಮೊದಲು ಎಸಿ ಇದ್ದವು. ಒಂದು ಮನೆಯ ಎಸಿ ಒಳಗಿನ ಬಿಸಿಯನ್ನು ಗಲ್ಲಿಗೆ ಎಸೆಯುತ್ತಿತ್ತು, ಗಲ್ಲಿ ಕಾದಷ್ಟೂ ಪಕ್ಕದ ಮನೆಯವರು ಇನ್ನೊಂದು ಎಸಿ ತರುತ್ತಿದ್ದರು. ಕೊಳ್ಳಲಾಗದವರು ಉಳಿದವರೆಲ್ಲರ ಬಿಸಿಯಲ್ಲಿ ಬೇಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಆಸ್ಪತ್ರೆಯ ವರಾಂಡಗಳಲ್ಲಿ ಹೆಣ ಇಡಲು ಜಾಗ ಸಾಲದೆ ಹೋದಾಗ ಸರಕಾರ ಎಸಿಗಳನ್ನು ನಿಲ್ಲಿಸಿ ತಂಪು ಮಂಡಳಿಯನ್ನು ಮಾಡಿತು. ತಂಪು ಎನ್ನುವುದು ಕೊಳ್ಳುವ ವಸ್ತುವಲ್ಲ, ಹಂಚಿಕೊಳ್ಳಬೇಕಾದದ್ದು ಎಂದು ಮಂಡಳಿಯ ಬಾಗಿಲ ಮೇಲೆ ಬರೆಸಿತು. ಬರೆಸುವುದು ಸುಲಭವಾಯಿತು. ಹಂಚುವ ಕೆಲಸ ಜಗದೇವಿಯ ಪಾಲಿಗೆ ಬಂತು.

ಈ ಸಲ ಚಳಿಗಾಲದ ತುಂಬ ಮೋಡ. ಹಲಗೆಗಳಿಗೆ ಆಕಾಶ ಸಿಗಲಿಲ್ಲ. ಗಣಿಯಲ್ಲಿ ಕೂಡಿಟ್ಟ ತಂಪು ಮಳೆ ಬರುವವರೆಗೆ ಸಾಲುವುದಿಲ್ಲ ಎಂದು ಮೇ ತಿಂಗಳ ಮೊದಲ ವಾರದಲ್ಲೇ ಗೊತ್ತಾಯಿತು. ಆಗ ಜಗದೇವಿ ಒಂದು ನಿಯಮ ಬರೆದಳು. ಮನೆಯಿಂದ ಮರಳುವ ನೀರು ತೀರ ಬಿಸಿಯಾಗಿದ್ದರೆ ಆ ಮನೆಯಲ್ಲಿ ತಂಪು ಸೋರುತ್ತಿದೆ ಎಂದು ಅರ್ಥ. ಬಾಗಿಲು ತೆರೆದಿರಬೇಕು, ಇಲ್ಲವೇ ಕೊಳವೆ ಒಡೆದಿರಬೇಕು. ಅಂಥ ಮನೆಗೆ ಎರಡು ಸಲ ಎಚ್ಚರಿಕೆ, ಆಮೇಲೆ ಮಳೆಗಾಲದವರೆಗೆ ನೀರು ಬಂದ್. ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯಲ್ಲಿ ಕೊಳವೆ ಹಾಕಿದ ಪ್ರತಿ ಮನೆಯೂ ಒಂದು ಚುಕ್ಕಿ. ತಣ್ಣನೆಯ ನೀರು ಮರಳಿಸುವ ಮನೆ ನೀಲಿ, ಬಿಸಿ ನೀರು ಮರಳಿಸುವುದು ಕೆಂಪು. ಕೆಂಪಿನ ಪಕ್ಕ 'ಸೋರಿಕೆ' ಎಂದು ಅವಳೇ ಬರೆದಿದ್ದಳು.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಕೆಂಪು ಮನೆಗಳ ನಲ್ಲಿಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳಬೇಕಿತ್ತು. ಬೆಳಿಗ್ಗೆ ಕೊಠಡಿಗೆ ಬಂದವಳು ಪರದೆಯಲ್ಲಿ ಮೊದಲು ನೋಡಿದ್ದು ಕೋಟೆಯ ಹಿಂದಿನ ಅತ್ತಾರ ಗಲ್ಲಿಯನ್ನು. ಅಲ್ಲಿ ಅವಳ ತಾಯಿ ಬಸಲಿಂಗಮ್ಮನ ಮನೆ ನಿನ್ನೆಗಿಂತ ಹೆಚ್ಚು ಕೆಂಪಗಿತ್ತು.

"ಮೇಡಂ, ಇದು ನಿಮ್ಮ ತಾಯಿಯವರ ಮನೀನೇ ಅಲ್ರಿ?" ಎಂದ ಪರದೆಯ ಮುಂದಿದ್ದ ರೇವಣಸಿದ್ಧ. ಅವನು ಪಾಳಿಯ ಆಪರೇಟರ್, ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದವನು.

"ಹೌದು."

"ಬಾಗಿಲು ತೆರೆದಿಟ್ಟಿರಬೇಕು ನೋಡ್ರಿ."

ಹಿಂದಿನ ದಿನ ಜಗದೇವಿ ಫೋನಿನಲ್ಲಿ ಇದೇ ವಿಷಯಕ್ಕೆ ತಾಯಿಯೊಂದಿಗೆ ಜಗಳ ಆಡಿದ್ದಳು.

"ಅವ್ವಾ, ಬಾಗಿಲು ಮುಚ್ಚು."

"ಹಗಲೊತ್ತಿನಾಗ?"

"ಹ್ಞೂ. ತಂಪೆಲ್ಲ ಹೊರಗ ಹೋಗ್ಲತ್ತದ."

"ಮಂದಿ ಏನ್ ತಿಳಕೋತಾರ ಬೇ?"

"ಏನರೆ ತಿಳಕೊಳ್ಳಿ. ನಿನ್ನ ಮನಿ ಇಲ್ಲಿ ಕೆಂಪಗಾಗ್ಯದ. ನಾಳಿ ಮಧ್ಯಾಹ್ನ ಅದು ತಾನೇ ಬಂದ್ ಆಗ್ತದ, ನಾ ಇಲ್ಲಿ ಕುಂತು ಸುಮ್ಮ ನೋಡಬೇಕಾಗ್ತದ."

"ಬಂದ್ ಆಗಬ್ಯಾಡ ಅಂತ ಹೇಳು ಅದಕ್ಕ."

"ಅದು ನಾನೇ ಬರದ ನಿಯಮ."

"ಹಂಗಾದ್ರ ನೀನೇ ಅಳಸು," ಎಂದು ಬಸಲಿಂಗಮ್ಮ ಫೋನು ಇಟ್ಟಿದ್ದಳು.

ತಾಯಿಯ ಅಂಜಿಕೆ ಸುಳ್ಳಲ್ಲ ಎಂದು ಜಗದೇವಿಗೂ ಗೊತ್ತಿತ್ತು. ಅತ್ತಾರ ಗಲ್ಲಿಯಲ್ಲಿ ಹಗಲು ಹೊತ್ತು ಯಾರೂ ತಲೆಬಾಗಿಲು ಮುಚ್ಚುವುದಿಲ್ಲ. ಊರಿಗೆ ಹೋಗುವವರು ಹೊರಗಿನಿಂದ ಬೀಗ ಹಾಕುತ್ತಾರೆ, ಅದು ಬೇರೆ. ಒಳಗಿನಿಂದ ಚಿಲಕ ಬಿದ್ದಿತೆಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಮಂದಿ ಬರುವ ಮೊದಲು ಮನೆಯವರು ಒಂದಿಷ್ಟು ಹೊತ್ತು ತಾವೇ ಅತ್ತುಕೊಳ್ಳುತ್ತಿದ್ದಾರೆ ಎಂದು ಗಲ್ಲಿ ತಿಳಿಯುತ್ತದೆ. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂಬ ಭೇದ ಇದಕ್ಕಿಲ್ಲ. ಹಾಗಾಗಿ ಅವ್ವ ತನ್ನ ಮಾತು ಕೇಳಿಲ್ಲ, ಬಾಗಿಲನ್ನು ಹಾರುಹೊಡೆದು ಕೂತಿದ್ದಾಳೆ ಎಂದು ಜಗದೇವಿ ಅಂದುಕೊಂಡಳು. ಮತ್ತೆ ಫೋನು ಮಾಡಿದಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು.

ಮುಖ್ಯ ಎಂಜಿನಿಯರ್ ಇನಾಮದಾರರು ಹಿಂದೆ ಬಂದು ನಿಂತಿದ್ದು ಅವಳಿಗೆ ತಿಳಿಯಲಿಲ್ಲ.

"ನಿಮ್ಮ ತಾಯಿ ಮನಿ ಒಂದನ್ನ ತೆಗದುಬಿಡ್ರಿ ಪಟ್ಟಿಯಿಂದ," ಎಂದರು ಅವರು ತಗ್ಗಿದ ದನಿಯಲ್ಲಿ. "ವಯಸ್ಸಾದವರು. ಯಾರೂ ಕೇಳೂದಿಲ್ಲ."

"ಬ್ಯಾಡ್ರಿ ಸರ್. ಇರ್ಲಿ." ಜಗದೇವಿ ಸ್ಕೂಟರಿನ ಕೀಲಿ ತೆಗೆದುಕೊಂಡಳು. "ನಾನೇ ಹೋಗಿ ಮುಚ್ಚಿ ಬರ್ತೀನಿ."

ಹನ್ನೊಂದರ ಬಿಸಿಲಿಗೇ ಊರು ಖಾಲಿಯಾಗಿತ್ತು. ಡಾಂಬರು ಮೆತ್ತಗಾಗಿ ಚಕ್ರಕ್ಕೆ ಹತ್ತುತ್ತಿತ್ತು. ಕೋಟೆಯ ಗೋಡೆಯ ನೆರಳಿನಲ್ಲಿ ನಾಯಿಗಳು ಸಾಲಾಗಿ ಮಲಗಿದ್ದವು, ಯಾವುದೂ ತಲೆ ಎತ್ತಲಿಲ್ಲ. ಗಲ್ಲಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸುವಾಗ ಅವ್ವನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ನಾಲ್ಕು ಹೆಜ್ಜೆ ನಡೆದವಳು ಅಲ್ಲೇ ನಿಂತಳು.

ಮನೆಯ ಬಾಗಿಲು ಮುಚ್ಚಿತ್ತು.

ಮೆಟ್ಟಿಲ ಮೇಲೆ, ಮೆಟ್ಟಿಲ ಕೆಳಗೆ, ಪಕ್ಕದ ಗಟಾರದ ಚಪ್ಪಡಿಯವರೆಗೆ ಚಪ್ಪಲಿಗಳು. ಹವಾಯಿ ಚಪ್ಪಲಿ, ಹರಿದ ಬೂಟು, ಹೆಂಗಸರ ಪಟ್ಟಿ ಚಪ್ಪಲಿ, ಮಕ್ಕಳವು, ಒಂದರ ಮೇಲೊಂದು. ಆ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಗಲು ಮುಚ್ಚಿದ ಬಾಗಿಲು, ಅದರ ಮುಂದೆ ಚಪ್ಪಲಿಗಳ ರಾಶಿ. ಎತ್ತದೆ ಹೋದ ಫೋನು. ಅವಳ ಕಣ್ಣು ರಾಶಿಯಲ್ಲಿ ಅವ್ವನ ಚಪ್ಪಲಿಯನ್ನು ಹುಡುಕಿತು. ಅದು ಎಂದಿನಂತೆ ಕಟ್ಟೆಯ ಎಡಮೂಲೆಯಲ್ಲಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಸತ್ತವರ ಚಪ್ಪಲಿಯೂ ಮನೆಯಲ್ಲೇ ಇರುತ್ತದೆ.

ನಿನ್ನೆ ಸಂಜೆಯೇ ಬರಬಹುದಿತ್ತು. ಬರುವ ಬದಲು ಫೋನಿನಲ್ಲಿ ಬೈದಿದ್ದಳು. ಬಾಗಿಲು ತಳ್ಳಿದಳು. ಅದಕ್ಕೆ ಆತುಕೊಂಡು ಕೂತಿದ್ದ ಯಾರೋ "ತಡೀರಿ, ತಡೀರಿ" ಎಂದು ಗೊಣಗುತ್ತ ಸರಿದರು.

ಒಳಗೆ ಬೆಳಕು ಕಡಿಮೆ. ಕಣ್ಣು ಹೊಂದಿಕೊಂಡ ಮೇಲೆ ಪಡಸಾಲೆಯ ಫರಸಿಯ ಮೇಲೆ ಉದ್ದಕ್ಕೂ ಜನ ಕಂಡರು. ಕೆಲವರು ಮಲಗಿದ್ದರು, ಕೆಲವರು ಗೋಡೆಗೆ ಒರಗಿ ಕಾಲು ಚಾಚಿದ್ದರು. ಆಟೊದವನೊಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ನಡುವೆ ಬಟ್ಟೆ ಹಾಸಿ ಅದರ ಮೇಲೆ ಜೋಳದ ರೊಟ್ಟಿಯ ಗಂಟುಗಳನ್ನು ಒಟ್ಟಿದ್ದರು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ತರುವ ರೊಟ್ಟಿ.

ಅಡುಗೆಮನೆಯಿಂದ ಬಸಲಿಂಗಮ್ಮ ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಂದಳು.

"ಬಂದ್ಯಾ? ನೋಡ್, ಮುಚ್ಚೀನಿ ಬಾಗಿಲು, ನೀ ಹೇಳಿದಂಗ."

ಜಗದೇವಿ ಗೋಡೆ ಹಿಡಿದು ನಿಂತಳು. "ಯಾರವ್ವ ಇವರೆಲ್ಲ?"

"ನನ್ನ ಸಾವಿಗಿ ಬಂದವರು."

ಗೋಡೆಯ ಪಕ್ಕದಲ್ಲಿ ನಗು ಎದ್ದಿತು. ಎದುರು ಮನೆಯ ಖೈರುನ್ನಿಸಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಜಗದೇವಿಯನ್ನು ಎತ್ತಿ ಆಡಿಸಿದವಳು ಅವಳು. "ಮೊದಲ ನಾನೇ ಬಂದೆ ಬೇಟಿ. ಮುಂಜಾನೆ ನೋಡ್ತೀನಿ, ಬಾಗಿಲು ಬಂದ್. ಎದಿ ಧಸಕ್ ಅಂತು. ನಾಲ್ಕು ರೊಟ್ಟಿ ಬಡದು, ಅಳ್ಕೋತ ಬಂದು ಬಾಗಿಲು ಬಡೀತೀನಿ, ತೆಗದಾಕಿ ಇಕೀನೇ. ಕೈಯಾಗ ಕಸಬರಿಗಿ. 'ಯಾಕ ಅಳ್ಳತ್ತೀ' ಅಂತ ನನ್ನೇ ಕೇಳ್ತಾಳ."

"ಅಕಿ ಅಳೋದ ನೋಡಿ ನನಗೂ ಅಳು ಬಂತು," ಎಂದಳು ಬಸಲಿಂಗಮ್ಮ. "ಯಾರೋ ಹೋದ್ರು ಅಂತ ತಿಳದು ನಾನೂ ಅತ್ತೆ."

"ಆಮ್ಯಾಲ ಕುಂತೆ," ಎಂದಳು ಖೈರುನ್ನಿಸಾ. "ನೆಲ ತಂಪಿತ್ತು. ಏಳ್ಲಿಕ್ಕ ಮನಸಾಗಲಿಲ್ಲ. ಅಷ್ಟರಾಗ ಇನ್ನೊಬ್ರು ಬಂದ್ರು, ರೊಟ್ಟಿ ತೊಗೊಂಡು."

ಹೀಗೆ ಒಬ್ಬರಾದ ಮೇಲೊಬ್ಬರು ಬಂದಿದ್ದರು. ಸಾವಿನ ಸುದ್ದಿ ಮೂರು ಗಲ್ಲಿ ದಾಟಿತ್ತು, ಬದುಕಿದ್ದಾಳೆ ಎಂಬ ಸುದ್ದಿ ಹೊಸ್ತಿಲು ದಾಟಿರಲಿಲ್ಲ. ಏಕೆಂದರೆ ಒಳಗೆ ಬಂದವರು ಯಾರೂ ಹೊರಗೆ ಹೋಗಿರಲಿಲ್ಲ.

"ಸುಳ್ಳು ಸುದ್ದಿ ಅಂತ ಗೊತ್ತಾದ ಮ್ಯಾಲರೆ ಮನಿಗಿ ಹೋಗಬೇಕಿಲ್ಲ?" ಎಂದಳು ಜಗದೇವಿ.

"ಯಾ ಮನಿಗಿ?" ಖೈರುನ್ನಿಸಾ ಶಾಂತವಾಗಿಯೇ ಕೇಳಿದಳು. "ನಮ್ಮ ಮನ್ಯಾಗ ಕುಂತ್ರ ಹಂಚಿನ ಮ್ಯಾಲ ಕುಂತಂಗ. ಗಲ್ಲಿ ಈ ಸಾಲಿಗಿ ನೀರ್ ಕೊಟ್ರಿ, ನಮ್ಮ ಸಾಲಿಗಿ ಬರೋ ವರ್ಷ ಅಂದ್ರಿ. ಬರೋ ವರ್ಷ ತನಕ ಹ್ಯಾಂಗರೆ ಇರಬೇಕಲ್ಲ."

ಜಗದೇವಿ ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹಿತ್ತಲ ಮೂಲೆಗೆ ಹೋದಳು. ನೆಲದಡಿಯಿಂದ ಎದ್ದು ಗೋಡೆಯ ಹೊರಗೆ ಹೋಗುವ ಕೊಳವೆ ಅಲ್ಲಿತ್ತು. ಅಂಗೈ ಇಟ್ಟು ನೋಡಿದಳು. ಕೊಳವೆ ಬೆಚ್ಚಗಿತ್ತು, ಜ್ವರ ಬಂದವರ ಹಣೆಯಂತೆ.

ಬಾಗಿಲು ಮುಚ್ಚಿದೆ. ಕಿಟಕಿ ಮುಚ್ಚಿದೆ. ತಂಪು ಎಲ್ಲಿಯೂ ಸೋರುತ್ತಿಲ್ಲ. ಬಾಗಿಲು ತೆರೆದಿದ್ದಾಗಲೂ ಅಷ್ಟೇನೂ ಸೋರಿರಲಿಕ್ಕಿಲ್ಲ ಎಂದು ಈಗ ಹೊಳೆಯಿತು. ಈ ಹಳೆಯ ಮನೆಯ ಹೊಸ್ತಿಲು ಮೊಣಕಾಲೆತ್ತರದ ಕಲ್ಲು. ತಣ್ಣನೆಯ ಗಾಳಿ ಭಾರ, ಅದು ಹೊಸ್ತಿಲಿನ ಹಿಂದೆ ಒಡ್ಡಿಗೆ ನಿಂತ ನೀರಿನಂತೆ ನಿಂತಿರುತ್ತದೆ. ಹಾಗಾದರೆ ಬಿಸಿ ಎಲ್ಲಿಂದ ಬಂತು? ಅವಳು ತಿರುಗಿ ಪಡಸಾಲೆಯನ್ನು ನೋಡಿದಳು. ಸುಮ್ಮನೆ ಕೂತ ಮನುಷ್ಯ ಹಳೆಯ ಕಾಲದ ದೊಡ್ಡ ಬಲ್ಬಿನಷ್ಟು ಬಿಸಿಯನ್ನು ಬಿಡುತ್ತಾನೆ. ಇದನ್ನು ಅವಳು ಕಾಲೇಜಿನ ಮೊದಲ ವರ್ಷದಲ್ಲೇ ಓದಿದ್ದಳು. ಓದಿದ್ದು ಮರೆತಿರಲಿಲ್ಲ. ಆದರೆ ನಿಯಮ ಬರೆಯುವಾಗ ಮನೆಯೊಳಗೆ ಜನ ಇರಬಹುದು ಎನ್ನುವುದೇ ನೆನಪಾಗಿರಲಿಲ್ಲ.

"ಅವ್ವಾ, ಹಿಂದಿನ ವಾರನೂ ಇಷ್ಟ್ ಮಂದಿ ಬರ್ತಿದ್ರೇನು?"

"ಇಷ್ಟ್ ಇಲ್ಲ. ಆದ್ರ ಮಧ್ಯಾಹ್ನ ದಿನಾ ಬರ್ತಾರ. ಭಾಜಿ ಮಾರೋರು, ಆಟೊದವರು, ಸಾಲಿ ಸೂಟಿ ಅದ ಅಂತ ಹುಡುಗ್ರು. ನೀ ಆಯ್ತಾರ ಸಂಜಿಕಿ ಬರ್ತಿ, ಆಗ ಯಾರಿರ್ತಾರ?"

"ನನಗೊಂದ್ ಮಾತು ಹೇಳಿಲ್ಲ."

"ಮಂದಿ ಬಂದ್ರು, ಕುಂತ್ರು, ಎದ್ದು ಹೋದ್ರು ಅಂತ ಯಾರರೆ ಫೋನ್ ಮಾಡಿ ಹೇಳ್ತಾರೇನ್ ಬೇ?"

ಜಗದೇವಿ ಹಿತ್ತಲ ಬಾಗಿಲಲ್ಲೇ ನಿಂತು ರೇವಣಸಿದ್ಧನಿಗೆ ಫೋನು ಮಾಡಿದಳು. "ಕೆಂಪು ಮನಿಗೋಳಿಗಿ ಫೋನ್ ಹಚ್ಚು. ಸಿಕ್ಕಷ್ಟ್ ಮನಿಗಿ. ಒಂದೇ ಪ್ರಶ್ನೆ ಕೇಳು, ಈಗ ಒಳಗ ಎಷ್ಟು ಮಂದಿ ಇದ್ದೀರಿ ಅಂತ."

"ಯಾಕ್ರಿ ಮೇಡಂ?"

"ಕೇಳು ಮೊದಲ."

ಅವನು ಮರಳಿ ಕರೆ ಮಾಡುವವರೆಗೆ ಖೈರುನ್ನಿಸಾ ಅವಳ ಕೈಗೆ ರೊಟ್ಟಿ ಕೊಟ್ಟಳು. ತಾಯಿಯ ಸಾವಿನ ರೊಟ್ಟಿಯನ್ನು ತಾಯಿಯ ಮುಂದೆಯೇ ತಿಂದಳು. ಹಸಿವಾಗಿತ್ತು.

ರೇವಣಸಿದ್ಧನ ದನಿ ಬೇರೆಯಾಗಿತ್ತು. ಬಟ್ಟೆ ಬಜಾರದ ದರ್ಜಿಯ ಮನೆಯಲ್ಲಿ ಹಮಾಲರು ಮಲಗಿದ್ದರು. ಅಂಗನವಾಡಿ ಟೀಚರೊಬ್ಬರು ಮಕ್ಕಳನ್ನೆಲ್ಲ ತಮ್ಮ ಮನೆಗೇ ಕರೆದೊಯ್ದಿದ್ದರು. ಸ್ಟೇಷನ್ ಹಿಂದಿನ ಒಂದು ಮನೆಯಲ್ಲಿ ಮದುವೆ ಬೀಗರಿದ್ದರು, ಅವರಿಗೆ ತಂಪಿನ ಚಿಂತೆಗಿಂತ ಊಟದ ಚಿಂತೆ ಹೆಚ್ಚಿತ್ತು. "ಒಂದ್ ಮನ್ಯಾಗ ಮಾತ್ರ ಖರೇನೇ ಕೊಳವಿ ಒಡದದ್ರಿ. ಉಳದದ್ದೆಲ್ಲ ಮಂದೀರಿ ಮೇಡಂ. ಬರೇ ಮಂದಿ."

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಅವಳು ಇನಾಮದಾರರಿಗೆ ಕರೆ ಮಾಡಿದಳು.

"ಸರ್, ಒಂದು ಗಂಟೆಯದ್ದು ನಿಲ್ಲಿಸ್ರಿ."

"ನಿಮ್ಮ ತಾಯಿ ಮನಿ ಬಿಡೋಣಂತ ನಾನು ಮುಂಜಾನೇನೇ ಹೇಳಿದ್ದೆ."

"ಒಂದಲ್ರಿ ಸರ್. ಎಲ್ಲಾ."

ಇನಾಮದಾರರು ನಿಲ್ಲಿಸಿದರು. ಅವಳು ನಿಯಂತ್ರಣ ಕೊಠಡಿಗೆ ಮರಳಿದ ಮೇಲೆ, ನಿಲ್ಲಿಸಿದ್ದಕ್ಕೆ ಕಾರಣ ಕೇಳಲು ಎದುರು ಕೂರಿಸಿಕೊಂಡರು. ಎಸಿಗಳು ನಿಲ್ಲುವ ಮೊದಲಿನ ಆ ಬೇಸಿಗೆಯಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಅವರು ತಮ್ಮ ತಮ್ಮನ ಹೆಣಕ್ಕಾಗಿ ಮಧ್ಯಾಹ್ನವೆಲ್ಲ ನಿಂತಿದ್ದರಂತೆ. ಆಮೇಲೆ ಅವರು ಯಾರ ಮೇಲೂ ದನಿ ಎತ್ತಿದ್ದನ್ನು ಕಚೇರಿಯವರು ಕೇಳಿರಲಿಲ್ಲ.

"ಗಣಿಯೊಳಗಿನ ತಂಪು ನಿಮ್ಮ ಮಾತಿನಿಂದ ಹೆಚ್ಚಾಗೂದಿಲ್ಲ," ಎಂದರು. "ಯಾರಿಗರೆ ಬಂದ್ ಮಾಡಲೇಬೇಕು. ಯಾರಿಗೆ?"

"ನೀಲಿ ಮನೆಗಳಿಗೆ."

ಅವರು ಪರದೆಯತ್ತ ತಿರುಗಿದರು. ಊರ ಹೊರಗಿನ ಹೊಸ ಬಡಾವಣೆಗಳು ಮಧ್ಯಾಹ್ನದ ಹೊತ್ತಿಗೆ ನೀಲಿಯ ಹಾಸಿಗೆಯಂತೆ ಕಾಣುತ್ತಿದ್ದವು.

"ಅವು ಖಾಲಿ ಮನೆಗಳು ಸರ್. ಎಲ್ಲರೂ ಕೆಲಸಕ್ಕ ಹೋಗಿರ್ತಾರ. ನೀರು ತಣ್ಣಗೇ ಮರಳಿ ಬರ್ತದಂತ ನಾವು ಅವರನ್ನ ಒಳ್ಳೆಯವರು ಅಂತ ತಿಳಕೊಂಡೀವಿ. ಖಾಲಿ ಮನಿ ಗೋಡೆ, ಚಾವಣಿಯಿಂದ ಬಿಸಿಲು ಕುಡೀತದ. ಒಂದೊಂದು ಸ್ವಲ್ಪೇ. ಆದ್ರ ಅಂಥವು ಊರ ತುಂಬ ಅವ. ಕೆಂಪು ಮನಿ ಬಂದ್ ಮಾಡಿದ್ರ ಉಳಿಯೋದಕ್ಕಿಂತ ಇವನ್ನ ಬಂದ್ ಮಾಡಿದ್ರ ಹೆಚ್ಚು ಉಳೀತದ. ಆ ಮನೆಯವರು ಸಂಜಿಕಿ ಬಂದು ಹತ್ತಿರದ ಕೆಂಪು ಮನ್ಯಾಗ ಕೂಡಲಿ."

"ಯಾರದೋ ಮನ್ಯಾಗ ಯಾರೋ ಹೋಗಿ ಕೂಡ್ತಾರೇನು?"

"ನಮ್ಮ ಗಲ್ಲಿಯಾಗ ಕೂಡ್ತಾರ."

"ನಿಮ್ಮ ಗಲ್ಲಿ ಅಂದ್ರ ಊರಲ್ಲ." ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಿರಲಿ. ನಾ ಒಂದು ಕೇಳ್ತೀನಿ. ನರ್ಸ್ ಒಬ್ಬಾಕಿ ರಾತ್ರಿ ಪಾಳಿ ಮುಗಿಸಿ ಬಂದು ಒಬ್ಬಾಕಿನೇ ಮಲಗಿದ್ದಾಳ ಅಂತ ತಿಳ್ಕೊಳ್ಳಿ. ಒಬ್ಬರ ಬಿಸಿ ಎಷ್ಟು? ಅಕಿ ಮನಿ ನೀರೂ ತಣ್ಣಗೇ ಬರ್ತದ. ನಿಮ್ಮ ಪರದೆ ಮ್ಯಾಲ ಅಕಿ ಖಾಲಿ ಮನಿ. ನೀವು ಬಂದ್ ಮಾಡ್ತೀರಿ, ಅಕಿ ನಿದ್ದಿಯಾಗೇ ಹೋಗ್ತಾಳ. ನಿಮ್ಮ ಹಳೇ ನಿಯಮದಾಗ ಮಂದಿ ಬೀದಿಗಿ ಬರ್ತಿದ್ರು, ಹೊಸ ನಿಯಮದಾಗ ಬಾಗಿಲ ಹಿಂದ ಸಾಯ್ತಾರ. ಅಷ್ಟೇ ಫರಕ್."

ಅದು ನಿಜವಾಗಿತ್ತು. ಜಗದೇವಿ ನೀಲಿ ಚುಕ್ಕಿಗಳನ್ನು ನೋಡಿದಳು. ಒಬ್ಬರಿರುವ ಮನೆಯನ್ನು ಯಾರೂ ಇಲ್ಲದ ಮನೆಯಿಂದ ಬೇರೆ ಮಾಡಿ ತೋರಿಸುವಷ್ಟು ಸೂಕ್ಷ್ಮದ ಮಾಪಕ ಮಂಡಳಿಯಲ್ಲಿರಲಿಲ್ಲ. ತರಿಸಬೇಕೆಂದರೆ ಮಳೆಗಾಲ ಮುಗಿದಿರುತ್ತಿತ್ತು. ಒಳಗೆ ಯಾರಿದ್ದಾರೆಂದು ಮುಚ್ಚಿದ ಬಾಗಿಲ ಹೊರಗಿನಿಂದ ತಿಳಿಯುವುದು ಹೇಗೆ? ಅಂದು ಬೆಳಿಗ್ಗೆ ಅಳುತ್ತ ಬಂದ ಖೈರುನ್ನಿಸಾ ಏನು ಮಾಡಿದ್ದಳು?

"ಹೋಗಿ ಕೇಳಬೇಕು ಸರ್," ಎಂದಳು.

"ಏನು?"

"ಬಾಗಿಲು ಬಡದು ಕೇಳಬೇಕು. ಕೇಳದ ಹೊರ್ತು ಒಂದು ಮನೀನೂ ಬಂದ್ ಮಾಡಬಾರದು."

"ಊರ ತುಂಬ ಬಾಗಿಲು ಬಡೀಲಿಕ್ಕ ನಮ್ಮ ಹತ್ತಿರ ಸಿಬ್ಬಂದಿ ಎಲ್ಲಿ ಅದ?"

"ಸಿಬ್ಬಂದಿ ಬ್ಯಾಡ್ರಿ. ಮುಚ್ಚಿದ ಬಾಗಿಲು ಕಂಡ್ರ ಬಡೀದೆ ಬಿಡದ ಮಂದಿ ನಮ್ಮ ಗಲ್ಲಿಯಾಗ ಅದಾರ."

ಇನಾಮದಾರರು ಕನ್ನಡಕ ಹಾಕಿಕೊಂಡರು. ಒಪ್ಪಿದೆ ಎನ್ನಲಿಲ್ಲ. ಮಂಡಳಿಯ ಬಸ್ಸಿಗೆ ಡ್ರೈವರ್ ಯಾರು ಖಾಲಿ ಇದ್ದಾರೆಂದು ಕೇಳಿದರು.

ಎರಡು ದಿನ ಕಳೆದು ಬಸ್ಸು ಹೊರಟಿತು. ಗಲ್ಲಿಯ ಹೆಂಗಸರು ತಲೆಯ ಮೇಲೆ ಒದ್ದೆ ಸೆರಗು ಹೊದ್ದು, ಅಭ್ಯಾಸ ಬಲದಿಂದ ರೊಟ್ಟಿ ಗಂಟು ಕಟ್ಟಿಕೊಂಡು ಹತ್ತಿದರು. ಯಾರ ಮನೆಗೇ ಹೋಗಲಿ, ಬಾಗಿಲು ಮುಚ್ಚಿದ ಮನೆಗೆ ಬರಿಗೈಯಲ್ಲಿ ಹೋಗುವುದು ಅವರಿಗೆ ಬರುತ್ತಿರಲಿಲ್ಲ. ಹೊಸ ಬಡಾವಣೆಯ ಜನ ಮೊದಮೊದಲು ಗಾಬರಿಯಾದರು.

"ಯಾರು ಬೇಕಾಗಿತ್ತು?" ಎಂದು ಒಬ್ಬ ಬಾಗಿಲ ಸಂದಿಯಿಂದ ಕೇಳಿದನಂತೆ.

"ಯಾರೂ ಬ್ಯಾಡ. ನೀ ಇದ್ದೀಯೋ ಇಲ್ಲೋ ನೋಡ್ಲಿಕ್ಕ ಬಂದೀವಿ."

"ಇದ್ದೀನಲ್ಲ."

"ಒಬ್ಬನೇನಾ? ಊಟ ಆತೇನು?"

ಎಲ್ಲವೂ ಹೀಗೆ ನಗುವಂತಿರಲಿಲ್ಲ. ನಮ್ಮ ಪಾಲಿನ ತಂಪನ್ನು ಕಿತ್ತು ಯಾರಿಗೋ ಕೊಡುತ್ತಿದ್ದೀರಿ ಎಂದು ಒಬ್ಬರು ಬಸ್ಸಿಗೆ ಅಡ್ಡ ನಿಂತರು. ಕೆಂಪು ಮನೆಯೊಂದರ ಯಜಮಾನ ತನ್ನ ಜಾತಿಯವರು ಮಾತ್ರ ಬರಲಿ ಎಂದ. ಅವನ ಮನೆ ಸಂಜೆಯೊಳಗೆ ನೀಲಿಯಾಯಿತು, ಏಕೆಂದರೆ ಅವನ ಜಾತಿಯವರೂ ಬರಲಿಲ್ಲ. ಕೆಲವರು ಸಂಜೆ ಕೆಂಪು ಮನೆಗೆ ಹೋಗುವ ಬದಲು ತಮ್ಮ ಮಾಳಿಗೆಯ ಮೇಲೆ ಬೆವೆತುಕೊಂಡು ಮಲಗಿದರು, ಮೂರನೆಯ ದಿನ ಮುಖ ತಗ್ಗಿಸಿ ಚಾಪೆ ಹಿಡಿದು ಬಂದರು. ಇನಾಮದಾರರ ಸ್ವಂತ ಮನೆಯೂ ಬಂದ್ ಆಯಿತು. ಅವರ ಹೆಂಡತಿ ಪಕ್ಕದ ಬೀದಿಯ ಟೇಲರ್ ಮನೆಯಲ್ಲಿ ಮಧ್ಯಾಹ್ನ ಕಳೆಯುತ್ತಾರೆಂದು ರೇವಣಸಿದ್ಧ ಎಲ್ಲರಿಗೂ ಹೇಳಿದ.

ಆದರೆ ಬಾಗಿಲು ಬಡಿದದ್ದು ವ್ಯರ್ಥವಾಗಲಿಲ್ಲ. ಖಾಲಿ ಎಂದುಕೊಂಡ ಮನೆಗಳಲ್ಲಿ ನರ್ಸ್ ಒಬ್ಬಳು ಸಿಕ್ಕಳು, ಇನಾಮದಾರರು ಹೇಳಿದಂತೆಯೇ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಹುಡುಗ ಸಿಕ್ಕ. ಅಂಥ ಮನೆಗಳ ನೀರನ್ನು ಹಾಗೇ ಬಿಟ್ಟರು.

ಇದೆಲ್ಲಕ್ಕಿಂತ ಮೊದಲು ಯಾರ ಮನೆಯನ್ನು ಬಂದ್ ಮಾಡಬೇಕೆಂದು ಜಗದೇವಿ ಮೊದಲ ದಿನವೇ ಹೇಳಿದ್ದಳು. "ನನ್ನ ಫ್ಲಾಟ್. ಮಧ್ಯಾಹ್ನ ಅಲ್ಲಿ ಯಾರೂ ಇರೂದಿಲ್ಲ. ನಾ ಒಬ್ಬಾಕೀನೇ ಇರೋದು, ನಾನು ಇಲ್ಲೇ ಇರ್ತೀನಿ. ಕೇಳೋದೇನೂ ಬ್ಯಾಡ, ಮುಚ್ಚಿಬಿಡು."

ರೇವಣಸಿದ್ಧ ತಲೆ ಕೆರೆದುಕೊಂಡಿದ್ದ. "ಕೇಳದ ಹೊರ್ತು ಮುಚ್ಚಬಾರದು ಅಂತ ನೀವೇ ಬರೆದೀರಲ್ರಿ ಮೇಡಂ. ಯಂತ್ರ ಒಪ್ಪೂದಿಲ್ಲ."

"ಹಂಗಾದ್ರ ಕೇಳಿಸು," ಎಂದು ಅವಳು ನಕ್ಕಿದ್ದಳು. ನೀಲಿಯ ಹಾಸಿಗೆಯಲ್ಲಿ ಅವಳ ಫ್ಲಾಟಿನ ಚುಕ್ಕಿಯೂ ಒಂದು. ಮೇ ತಿಂಗಳ ತುಂಬ ಅದರ ಬಣ್ಣ ಬದಲಾದದ್ದೇ ಇರಲಿಲ್ಲ. ಬೆಳಿಗ್ಗೆ ಮನೆಗೆಲಸದ ಕಾಶಿಬಾಯಿ ಬಂದು ರೊಟ್ಟಿ ಪಲ್ಯ ಮಾಡಿ ಡಬ್ಬಿ ಕಟ್ಟಿಕೊಡುತ್ತಿದ್ದಳು. ಪಾತ್ರೆ ತೊಳೆದು, ತನ್ನ ಬಳಿ ಇರುವ ಕೀಲಿಯಿಂದ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು. ಸಂಜೆ ಜಗದೇವಿ ಬರುವಾಗ ಅಡುಗೆಮನೆಯ ನೆಲ ಆಗಷ್ಟೇ ಒರೆಸಿದಂತೆ ಥಳಥಳ ಇರುತ್ತಿತ್ತು. ಕಾಶಿಬಾಯಿಯಷ್ಟು ಚೊಕ್ಕ ಕೆಲಸದವಳು ಸಿಗುವುದು ಕಷ್ಟವೆಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಬಸ್ಸು ಅವಳ ಬಡಾವಣೆಗೆ ಬಂದ ದಿನ ಬಿಸಿಲು ಅತಿಯಾಗಿತ್ತು. ನಡುಮಧ್ಯಾಹ್ನ ಫೋನು ಬಂತು.

"ಜಗೂ, ನಿನ್ನ ಬಾಗಿಲ ಮುಂದ ನಿಂತೀನಿ," ಎಂದಳು ಬಸಲಿಂಗಮ್ಮ.

"ಅಲ್ಲಿ ಯಾರಿದ್ದಾರವ್ವ? ನಾ ಇಲ್ಲಿದ್ದೀನಲ್ಲ. ಖಾಲಿ ಅಂತ ಹೇಳಿ ಮುಂದಿನ ಮನಿಗಿ ನಡಿ."

"ಬಡದೆ. ಒಳಗಿಂದ ಯಾರೋ ಚಿಲಕ ತೆಗೀಲತ್ತಾರ."

ಫೋನಿನಲ್ಲಿ ಬಾಗಿಲು ಕಿರುಗುಟ್ಟಿತು. ಎರಡು ದನಿಗಳು ಮಾತಾಡಿದವು, ಒಂದು ಅವ್ವನದು. ಇನ್ನೊಂದನ್ನು ಗುರುತಿಸಲು ಜಗದೇವಿಗೆ ಒಂದು ಗಳಿಗೆ ಹಿಡಿಯಿತು. ದಿನಾ ಬೆಳಿಗ್ಗೆ ಕೇಳುವ ದನಿ, ಆದರೆ ಅದು ಇಷ್ಟು ಅಂಜಿದ್ದನ್ನು ಎಂದೂ ಕೇಳಿರಲಿಲ್ಲ.

"ಅಕ್ಕೋರೆ," ಎಂದಳು ಕಾಶಿಬಾಯಿ, ಫೋನು ಅವಳ ಕೈಗೆ ಬಂದಿರಬೇಕು. "ತಪ್ಪಾಯ್ತ್ರಿ. ಬ್ಯಾಸಗಿ ಸುರುವಾದಾಗಿಂದ ಮಧ್ಯಾಹ್ನ ಇಲ್ಲೇ ಅಡ್ಡಾಗ್ತೀನಿ. ನಮ್ಮದು ತಗಡಿನ ಮನಿ, ಒಳಗ ಕಾಲಿಡ್ಲಿಕ್ಕ ಬರಲ್ರಿ. ಹಾಲಿನಾಗ ಹೋಗಿಲ್ಲ, ನಿಮ್ಮ ದೇವರಾಣಿ. ಅಡಗಿಮನ್ಯಾಗ ಪಾತ್ರಿ ತೊಳಿಯೋ ಮೂಲ್ಯಾಗ ಅಷ್ಟೇ. ಎದ್ದ ಮ್ಯಾಲ ಒರೆಸಿ ಹೋಗ್ತಿದ್ದೆ."

ಜಗದೇವಿ ಪರದೆಯನ್ನು ನೋಡುತ್ತಿದ್ದಳು. ಊರಿನ ಯಾವ ಮನೆಯ ನೆಲ ಎಷ್ಟು ಬೆಚ್ಚಗಿದೆ ಎಂದು ಕೂತಲ್ಲೇ ಹೇಳಬಲ್ಲವಳು. ಆ ಪರದೆಯಲ್ಲಿ ಕಾಶಿಬಾಯಿಯ ತಗಡಿನ ಮನೆಗೆ ಚುಕ್ಕಿಯೇ ಇರಲಿಲ್ಲ. ನೆಲಕ್ಕೆ ಫರಸಿ ಇಲ್ಲದ ಮನೆಗಳನ್ನು ಕೊಳವೆ ಹಾಕುವಾಗಲೇ ಬಿಟ್ಟಿದ್ದರು. ಕೇಳದೆ ಮುಚ್ಚಿಬಿಡು ಎಂದು ತಾನು ಹೇಳಿದಾಗ ಯಂತ್ರ ಒಪ್ಪದೆ ಹೋಗಿತ್ತು, ಇಲ್ಲದಿದ್ದರೆ?

"ಕಾಶಿಬಾಯಿ, ಫೋನ್ ಅವ್ವಗ ಕೊಡು."

"ಅಳ್ಳತ್ತಾಳ ಬೇ ಇಕಿ," ಎಂದಳು ಬಸಲಿಂಗಮ್ಮ. "ಏನಂದಿ?"

"ಏನೂ ಅಂದಿಲ್ಲ. ಹಾಲಿನಾಗ ಮಲಗಲಿಕ್ಕ ಹೇಳು. ಫ್ಯಾನಿನ ಕೆಳಗ ಜಾಗ ಚಲೋ ಅದ."

ರೇವಣಸಿದ್ಧ ಕುರ್ಚಿ ತಿರುಗಿಸಿ ಕುಳಿತಿದ್ದ. ಇನಾಮದಾರರು ಬಾಗಿಲ ಬಳಿ ನಿಂತಿದ್ದರು. "ನಿಮ್ಮ ಮನಿ ಬಂದ್ ಮಾಡೋದಾ?" ಎಂದು ಕೇಳಿದರು. ಮೊದಲು ತನ್ನದೇ ಎಂದು ಹೇಳಿದ್ದವಳು ಅವಳು. ಕೊಠಡಿಯಲ್ಲಿದ್ದ ಎಲ್ಲರಿಗೂ ಅದು ನೆನಪಿತ್ತು.

"ಬ್ಯಾಡ್ರಿ ಸರ್," ಎಂದಳು ಜಗದೇವಿ. "ಮನ್ಯಾಗ ಮಂದಿ ಇದ್ದಾರ."

ಅವರು ಇನ್ನೇನನ್ನೋ ಕೇಳುವವರಿದ್ದರು. ಅಷ್ಟರಲ್ಲಿ ಫೋನಿನಿಂದ ಬಸಲಿಂಗಮ್ಮ ಯಾರನ್ನೋ ಕೂಗಿದ್ದು ಕೇಳಿಸಿತು. "ಖೈರೂ, ಬಸ್ಸಿನಾಗ ಯಾಕ ಕುಂತೀರಿ? ಮ್ಯಾಲ ಬರ್ರಿ. ಹಾಲ್ ದೊಡ್ಡದದ. ಕೆಳಗ ಕಟ್ಟಡದ ಕೆಲಸದವರು ಬಿಸಿಲಾಗ ಕುಂತಾರಲ್ಲ, ಅವರಿಗೂ ಹೇಳು." ಮೆಟ್ಟಿಲಲ್ಲಿ ಹೆಜ್ಜೆಗಳು, ಚಪ್ಪಲಿ ಬಿಡುವ ಸದ್ದು, ರೊಟ್ಟಿಯ ಗಂಟನ್ನು ಎಲ್ಲಿಡಲಿ ಎಂದು ಯಾರೋ ಕೇಳಿದ್ದು.

"ಜಗೂ, ಬಾಗಿಲು ಮುಚ್ಚಲೇನು?"

ಫ್ಲಾಟಿಗೆ ಹೊಸ್ತಿಲಿರಲಿಲ್ಲ. ಒಳಗಿನ ನೆಲ ಹೊರಗಿನ ಮೆಟ್ಟಿಲಿಗೆ ಸಮ. ಬಾಗಿಲು ತೆರೆದಿಟ್ಟರೆ ತಂಪು ನೀರಿನಂತೆ ಇಳಿದು ಹೋಗುತ್ತದೆ. ಅದು ನಿಜವಾದ ಸೋರಿಕೆ.

"ಹೊಸ್ತಿಲಿಲ್ಲವ್ವ ಅಲ್ಲಿ. ಎಲ್ಲಾ ಹೊರಗ ಹೋಗ್ತದ."

"ಅದಕ್ಕೇನ್ ಬೇ, ಬಾಗಿಲು ತೆರದೇ ಇರ್ಲಿ, ನಿನ್ನ ಕೌದಿ ಸುತ್ತಿ ಹೊಸ್ತಿಲಿನಂಗ ಅಡ್ಡ ಇಡ್ತೀವಿ. ದಾಟಿ ಬರೋರು ಬರ್ತಾರ."

ರೇವಣಸಿದ್ಧ ಪರದೆಯತ್ತ ತಿರುಗಿ ಬೆರಳು ತೋರಿಸಿದ. ನೀಲಿಯ ಹಾಸಿಗೆಯ ನಡುವೆ ಅವಳ ಮನೆಯ ಚುಕ್ಕಿ ಬಣ್ಣ ಬಿಡುತ್ತಿತ್ತು. ಮೊದಲು ಬೂದಿಯ ಬಣ್ಣಕ್ಕೆ ಬಂತು, ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಆಮೇಲೆ ನಿಧಾನವಾಗಿ ಕೆಂಪಾಗತೊಡಗಿತು. ಜಗದೇವಿ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪರದೆಯ ಮೂಲೆಯಲ್ಲಿ ಕೆಂಪಿನ ಪಕ್ಕದಲ್ಲಿದ್ದ 'ಸೋರಿಕೆ'ಯನ್ನು ಅಳಿಸಿ 'ಮಂದಿ' ಎಂದು ಬರೆದಳು. ಆಮೇಲೆ ಕಾಶಿಬಾಯಿ ಕಟ್ಟಿಕೊಟ್ಟ ಡಬ್ಬಿಯನ್ನು ತೆರೆದಳು.